ಪಾಚಿಯ ಬಣ್ಣ ಮತ್ತು ಮಿದುಳಿನ ಉರಿಯೂತ: ತಟ್ಟೆಯಿಂದ ತಲೆಯವರೆಗೆ ಎಷ್ಟು ದೂರ?

(ಮೈಸೂರಿನಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದು. ಸ್ಲೈಡ್ ನೋಡದೆಯೂ ಅರ್ಥವಾಗುವಂತೆ ಅಲ್ಲಲ್ಲಿ ವಿವರ ಸೇರಿಸಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೆಡಿಕಲ್ ಶಾಪಿನಲ್ಲೂ ಆನ್‌ಲೈನ್‌ನಲ್ಲೂ ಈಗ ಪಾಚಿಯ ಮಾತ್ರೆಗಳು ಸಿಗುತ್ತವೆ. ಹಸಿರು ಸ್ಪಿರುಲಿನಾ, ಕೆಂಪು ಅಸ್ಟಾಕ್ಸಾಂಥಿನ್, ಕಿತ್ತಳೆ ಛಾಯೆಯ ಫ್ಯೂಕೊಕ್ಸಾಂಥಿನ್. ಕೆಲವು ಡಬ್ಬಿಗಳ ಮೇಲೆ ಮಿದುಳಿನ ಚಿತ್ರವೂ ಇರುತ್ತದೆ. ಇದರ ಹಿಂದೆ ನಿಜವಾದ ವಿಜ್ಞಾನ ಇದೆಯಾ ಅಂತ ಕೇಳಿದರೆ, ಇದೆ. ಆದರೆ ಅದರಲ್ಲಿ ಬಹುಪಾಲು ನಡೆದಿರುವುದು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಇಲಿಯ ಜೀವಕೋಶಗಳ ಮೇಲೆ. ಆ ತಟ್ಟೆಯಿಂದ ನಿಮ್ಮ ತಲೆಯವರೆಗೆ ದಾರಿ ಎಷ್ಟಿದೆ, ನಡುವೆ ಏನೇನು ಅಡ್ಡ ಬರುತ್ತದೆ ಅನ್ನುವುದೇ ಇವತ್ತಿನ ಮಾತು.

ಮೊದಲು ಆ ಜೀವಕೋಶ ಯಾವುದು ಅಂತ ನೋಡೋಣ. ಅದರ ಹೆಸರು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಓರ್ಟೆಗಾ ಎಂಬ ವಿಜ್ಞಾನಿ ಮಿದುಳಿನ ತೆಳುವಾದ ಸೀಳುಗಳಿಗೆ ಬೆಳ್ಳಿಯ ಕಾರ್ಬೊನೇಟಿನಿಂದ ಬಣ್ಣ ಹಿಡಿಸಿ, ಇವು ಬೇರೆಯೇ ಜಾತಿಯ ಕೋಶಗಳು ಅಂತ ಗುರುತಿಸಿ ಹೆಸರಿಟ್ಟರು. ಇವು ಮಿದುಳಿನಲ್ಲೇ ಕಾಯಂ ಆಗಿ ನೆಲೆಸಿರುವ ರೋಗನಿರೋಧಕ ಕೋಶಗಳು. ಆದರೆ ಹುಟ್ಟೂರು ಬೇರೆ. ಭ್ರೂಣ ಇನ್ನೂ ತೀರಾ ಚಿಕ್ಕದಾಗಿರುವಾಗ ಅದಕ್ಕೆ ಅಂಟಿಕೊಂಡಿರುವ ಹಳದಿ ಚೀಲದಲ್ಲಿ ಹುಟ್ಟಿ, ಅಲ್ಲಿಂದ ಮಿದುಳಿಗೆ ವಲಸೆ ಬರುತ್ತವೆ. ಇದು 2010ರಲ್ಲಿ ಇಲಿಗಳಲ್ಲಿ ಸ್ಪಷ್ಟವಾಯಿತು.

ತುಂಬಾ ಕಾಲ ಇವು ಗಾಯವೋ ಸೋಂಕೋ ಆಗುವ ತನಕ ಸುಮ್ನೆ ಮಲಗಿರುತ್ತವೆ ಅಂತಲೇ ಎಲ್ಲರೂ ತಿಳಿದಿದ್ದರು. 2005ರಲ್ಲಿ ಎರಡು ತಂಡಗಳು ಜೀವಂತ ಇಲಿಯ ಮಿದುಳನ್ನು ಹೊಸ ಬಗೆಯ ಲೇಸರ್ ಸೂಕ್ಷ್ಮದರ್ಶಕದಲ್ಲಿ ನೋಡಿದವು. ಮೈಕ್ರೋಗ್ಲಿಯಾದ ದೇಹ ಇದ್ದಲ್ಲೇ ಇದೆ, ಆದರೆ ಅದರ ಸಣ್ಣ ಸಣ್ಣ ಕೈಗಳು ಒಂದು ಕ್ಷಣವೂ ನಿಂತಿಲ್ಲ. ಚಾಚುತ್ತವೆ, ಮುಟ್ಟುತ್ತವೆ, ಹಿಂದಕ್ಕೆ ಸರಿಯುತ್ತವೆ, ಇನ್ನೊಂದು ಕಡೆ ಚಾಚುತ್ತವೆ. ಲೇಸರ್‌ನಿಂದ ಒಂದು ಚುಕ್ಕಿಯಷ್ಟು ಜಾಗ ಸುಟ್ಟರೆ ಸುತ್ತಲಿನ ಕೈಗಳೆಲ್ಲ ನಿಮಿಷಗಳಲ್ಲಿ ಅಲ್ಲಿಗೆ ಬಂದು ಮುತ್ತಿಕೊಳ್ಳುತ್ತವೆ. ಸತ್ತ ಕೋಶಗಳನ್ನು ತಿಂದು ಜಾಗ ಚೊಕ್ಕ ಮಾಡುವುದು, ಬೆಳೆಯುವ ಮಿದುಳಿನಲ್ಲಿ ಬೇಡದ ನರಸಂಪರ್ಕಗಳನ್ನು ಕತ್ತರಿಸುವುದು, ಇವೂ ಇವುಗಳದೇ ಕೆಲಸ.

ಇಷ್ಟು ಒಳ್ಳೆಯ ಕೋಶದಿಂದ ತೊಂದರೆ ಏನು? ಕೆರಳಿದ ಮೈಕ್ರೋಗ್ಲಿಯಾ ನೈಟ್ರಿಕ್ ಆಕ್ಸೈಡ್, ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಇತ್ಯಾದಿ ಉರಿಯೂತದ ರಾಸಾಯನಿಕಗಳನ್ನು ಹೊರಗೆ ಬಿಡುತ್ತದೆ. ಸೋಂಕು ಬಂದಾಗ ಇದು ಬೇಕೇ ಬೇಕು. ಕೆರಳಿದ್ದು ತಣ್ಣಗಾಗದೆ ತಿಂಗಳು, ವರ್ಷ ಹಾಗೇ ಉಳಿದರೆ ಪಕ್ಕದ ನರಕೋಶಗಳಿಗೇ ಪೆಟ್ಟು. ಆಲ್ಝೈಮರ್, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಇಂಥ ಉರಿಯೂತ ಕಾಣುತ್ತದೆ. 2013ರಲ್ಲಿ ಟ್ರೆಮ್-2 ಎಂಬ ಜೀನಿನ ಕೆಲವು ಅಪರೂಪದ ರೂಪಗಳು ಆಲ್ಝೈಮರ್ ಅಪಾಯವನ್ನು ಹೆಚ್ಚಿಸುತ್ತವೆ ಅಂತ ಗೊತ್ತಾಯಿತು. ಮಿದುಳಿನಲ್ಲಿ ಆ ಜೀನು ಕೆಲಸ ಮಾಡುವುದು ಮುಖ್ಯವಾಗಿ ಮೈಕ್ರೋಗ್ಲಿಯಾದಲ್ಲಿ. ಅಂದಿನಿಂದ ಈ ಕೋಶಗಳ ಮೇಲೆ ಎಲ್ಲರ ಕಣ್ಣು.

ಇನ್ನು ಬಣ್ಣಗಳಿಗೆ ಬರೋಣ.

ಕೆಂಪು ಬಣ್ಣದ ಅಸ್ಟಾಕ್ಸಾಂಥಿನ್ ಬರುವುದು ಹೆಮಟೊಕಾಕಸ್ ಎಂಬ ಪಾಚಿಯಿಂದ. ಬಂಡೆಯ ಗುಂಡಿಯಲ್ಲಿ, ಹಕ್ಕಿಗೆ ಇಟ್ಟ ನೀರಿನ ತೊಟ್ಟಿಯಲ್ಲಿ ಬೆಳೆಯುವ ಪಾಚಿ ಇದು. ನೀರು, ಆಹಾರ ಸರಿಯಾಗಿದ್ದಷ್ಟು ದಿನ ಹಸಿರಾಗಿ ಈಜಾಡಿಕೊಂಡಿರುತ್ತದೆ. ನೀರು ಒಣಗಿ, ಬಿಸಿಲೇರಿ, ಸಾರಜನಕ ಖಾಲಿಯಾದಾಗ ಈಜುವುದನ್ನು ನಿಲ್ಲಿಸಿ ಗುಂಡಗಾಗಿ, ದಪ್ಪ ಗೋಡೆ ಕಟ್ಟಿಕೊಂಡು ಒಳಗೆಲ್ಲ ಕೆಂಪಾಗುತ್ತದೆ. ಬಿಸಿಲಿನಿಂದ ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯ. ಒಣಗಿಸಿದ ಪಾಚಿಯ ತೂಕದಲ್ಲಿ ನೂರಕ್ಕೆ 3-4 ಭಾಗ ಈ ಕೆಂಪೇ ಇರಬಹುದು. ನೀವು ಇದನ್ನು ಈಗಾಗಲೇ ನೋಡಿದ್ದೀರಿ. ಸಿಗಡಿ ಬೇಯಿಸಿದಾಗ ಕೆಂಪಾಗುತ್ತದಲ್ಲ, ಅದೇ ಬಣ್ಣ. ಹಸಿ ಸಿಗಡಿಯಲ್ಲಿ ಒಂದು ಪ್ರೋಟೀನು ಅದನ್ನು ಹಿಡಿದಿಟ್ಟಿರುತ್ತದೆ, ಹಾಗಾಗಿ ಬೂದು-ನೀಲಿ ಕಾಣುತ್ತದೆ. ಬಿಸಿಗೆ ಪ್ರೋಟೀನು ಕೆಟ್ಟಾಗ ಬಣ್ಣ ಬಿಡುಗಡೆಯಾಗುತ್ತದೆ.

ಎರಡನೆಯದು ಫ್ಯೂಕೊಕ್ಸಾಂಥಿನ್. ಕಂದು ಸಮುದ್ರಪಾಚಿಗಳಲ್ಲಿ, ಡಯಾಟಮ್ ಎಂಬ ಗಾಜಿನ ಚಿಪ್ಪಿನ ಸೂಕ್ಷ್ಮಪಾಚಿಗಳಲ್ಲಿ ಇರುತ್ತದೆ. ಇವು ಕಂದು ಕಾಣುವುದೇ ಈ ಬಣ್ಣದಿಂದ.

ಮೂರನೆಯದು ನೀಲಿ, ಫೈಕೊಸಯನಿನ್. ಸ್ಪಿರುಲಿನಾದಿಂದ ಬರುತ್ತದೆ. ಸ್ಪಿರುಲಿನಾ ಲೆಕ್ಕದಲ್ಲಿ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಆದರೂ ವ್ಯವಹಾರದಲ್ಲಿ ಎಲ್ಲರೂ ಪಾಚಿ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮೈಸೂರಿನವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಇಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1970ರ ದಶಕದಿಂದಲೇ ಸೂಕ್ಷ್ಮಪಾಚಿಗಳನ್ನು ಆಹಾರಕ್ಕಾಗಿ ಬೆಳೆಸುವ ಕೆಲಸ ಮಾಡಿದೆ, ಸ್ಪಿರುಲಿನಾ ಚಿಕ್ಕಿಯನ್ನೂ ತಯಾರಿಸಿದೆ. ಉಳಿದೆರಡು ಬಣ್ಣಗಳು ಕ್ಯಾರೆಟ್ಟಿನ ಬಣ್ಣದ ಸಂಬಂಧಿಗಳು, ಎಣ್ಣೆಯಲ್ಲಿ ಕರಗುತ್ತವೆ. ಫೈಕೊಸಯನಿನ್ ಒಂದು ಪ್ರೋಟೀನು, ನೀರಿನಲ್ಲಿ ಕರಗುತ್ತದೆ. ಒಣ ಸ್ಪಿರುಲಿನಾ ಪುಡಿಯನ್ನು ನೀರಿನಲ್ಲಿ ನೆನೆಸಿಟ್ಟು ಸೋಸಿದರೆ ಸಾಕು, ನೀಲಿ ಇಳಿಯುತ್ತದೆ. ಆ ನೀಲಿ ನೀರನ್ನು ಗಾಜಿನ ಕೊಳವೆಯಲ್ಲಿ ತುಂಬಿ ಜೋರು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ: ಕೆಂಪಗೆ ಹೊಳೆಯುತ್ತದೆ. ಕಿತ್ತಳೆ ಬೆಳಕನ್ನು ಹೀರಿ ಕೆಂಪು ಬೆಳಕನ್ನು ಹೊರಗೆ ಬಿಡುವುದು ಇದರ ಗುಣ. ಸಭೆಯಲ್ಲಿ ಕೊಳವೆಯನ್ನು ಕೈಯಿಂದ ಕೈಗೆ ದಾಟಿಸಿದ್ದೆ. ಮಕ್ಕಳು ಅದನ್ನು ವಾಪಸ್ ಕೊಡುವುದಕ್ಕೆ ಸ್ವಲ್ಪ ತಡಮಾಡಿದರು.

ಈಗ ಪ್ರಯೋಗ.

ಈ ವಿಷಯದ ಪ್ರಬಂಧಗಳನ್ನು ತೆರೆದರೆ ಬಿವಿ-2 ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. 1990ರಲ್ಲಿ ಇಟಲಿಯ ವಿಜ್ಞಾನಿಗಳು ಇಲಿಮರಿಯ ಮೈಕ್ರೋಗ್ಲಿಯಾ ತೆಗೆದುಕೊಂಡು, ವೈರಸ್ ಮೂಲಕ ಕ್ಯಾನ್ಸರ್ ಜೀನುಗಳನ್ನು ಸೇರಿಸಿ, ಸಾಯದೆ ಬೆಳೆಯುತ್ತಲೇ ಇರುವ ಕೋಶವಾಗಿ ಮಾಡಿದರು. ಅಗ್ಗ, ಬೇಗ ಬೆಳೆಯುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಕಳಿಸಬಹುದು. ಹೀಗಾಗಿ ಜಗತ್ತಿನೆಲ್ಲೆಡೆ ಇದೇ ಬಳಕೆಯಲ್ಲಿದೆ.

ಪ್ರಯೋಗ ನಡೆಯುವ ಬಗೆ ಹೀಗೆ. 96 ಗುಂಡಿಗಳಿರುವ ಅಂಗೈಯಗಲದ ತಟ್ಟೆ. ಪ್ರತಿ ಗುಂಡಿಯ ತಳದಲ್ಲಿ ಬಿವಿ-2 ಕೋಶಗಳು. ಮೊದಲು ಪಾಚಿಯ ಬಣ್ಣ ಹಾಕುತ್ತಾರೆ, ಕೆಲವು ಗುಂಡಿಗೆ ಕಮ್ಮಿ, ಕೆಲವಕ್ಕೆ ಜಾಸ್ತಿ. ಸ್ವಲ್ಪ ಹೊತ್ತು ಬಿಟ್ಟು ಎಲ್‌ಪಿಎಸ್ ಹಾಕುತ್ತಾರೆ. ಎಲ್‌ಪಿಎಸ್ ಅಂದರೆ ಇ. ಕೋಲಿ ಬ್ಯಾಕ್ಟೀರಿಯಾದ ಹೊರಪದರದ ಒಂದು ತುಣುಕು. ಇದು ಬಂದರೆ ಸೋಂಕು ತಗುಲಿದೆ ಅಂತಲೇ ಮೈಕ್ರೋಗ್ಲಿಯಾ ತಿಳಿಯುತ್ತದೆ. ಒಂದು ದಿನ ಬಿಟ್ಟು ಮೇಲಿನ ದ್ರವವನ್ನು ಸ್ವಲ್ಪ ತೆಗೆದು ಗ್ರೀಸ್ ರೀಏಜೆಂಟ್ ಎಂಬ ಪರೀಕ್ಷಾ ದ್ರಾವಣ ಬೆರೆಸುತ್ತಾರೆ. ಹತ್ತು ನಿಮಿಷದೊಳಗೆ ತಟ್ಟೆಯ ಬಣ್ಣ ತಿರುಗುತ್ತದೆ. ಎಲ್‌ಪಿಎಸ್ ಮಾತ್ರ ಹಾಕಿದ ಗುಂಡಿಗಳು ಗಾಢ ಗುಲಾಬಿ, ಅಂದರೆ ನೈಟ್ರಿಕ್ ಆಕ್ಸೈಡ್ ತುಂಬಾ ಹೊರಟಿದೆ. ಏನೂ ಹಾಕದ ಗುಂಡಿಗಳಲ್ಲಿ ಹೆಚ್ಚುಕಮ್ಮಿ ಬಣ್ಣವೇ ಇಲ್ಲ. ಪಾಚಿಯ ಬಣ್ಣ ಹಾಕಿದ ಸಾಲಿನಲ್ಲಿ ಗುಲಾಬಿ ಮೆಲ್ಲಗೆ ತಿಳಿಯಾಗುತ್ತಾ ಹೋಗುತ್ತದೆ. ಯಂತ್ರದಲ್ಲಿ ಅಳೆಯುವ ಮೊದಲೇ ಬರಿಗಣ್ಣಿಗೆ ಕಾಣುತ್ತದೆ. ಆ ಇಳಿಜಾರು ನೋಡಿದಾಗ ಆಗುವ ಖುಷಿಯೇ ಬೇರೆ. ಈ ಕ್ಷೇತ್ರದಲ್ಲಿ ಇಷ್ಟೊಂದು ಪ್ರಬಂಧಗಳು ಬರುವುದಕ್ಕೆ ಆ ಖುಷಿಯ ಪಾಲೂ ಇದೆ ಅಂತ ನನ್ನ ಗುಮಾನಿ.

ಒಳಗೆ ಏನು ನಡೆಯುತ್ತದೆ? ಮೈಕ್ರೋಗ್ಲಿಯಾದ ಮೇಲ್ಮೈಯಲ್ಲಿ ಟಿಎಲ್‌ಆರ್-4 ಎಂಬ ಗ್ರಾಹಿ ಇದೆ, ಎಲ್‌ಪಿಎಸ್ ಅದನ್ನು ಹಿಡಿಯುತ್ತದೆ. ಸಂದೇಶ ಒಳಗೆ ಹೋಗುತ್ತದೆ. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಸಾಮಾನ್ಯವಾಗಿ ಇನ್ನೊಂದು ಪ್ರೋಟೀನು ಕಟ್ಟಿಹಾಕಿರುತ್ತದೆ. ಸಂದೇಶ ಬಂದಾಗ ಆ ಕಟ್ಟು ನಾಶವಾಗಿ, ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಓಡಿ ಉರಿಯೂತದ ಜೀನುಗಳನ್ನು ಚಾಲೂ ಮಾಡುತ್ತದೆ. ಪಾಚಿಯ ಬಣ್ಣ ಇದ್ದಾಗ ಈ ಓಟ ಕಮ್ಮಿಯಾಗುತ್ತದೆ. ಇನ್ನೊಂದು ಕಡೆ, ಎನ್‌ಆರ್‌ಎಫ್-2 ಎಂಬ ಪ್ರೋಟೀನು ಎಚ್ಚೆತ್ತು ಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸುತ್ತದೆ. 'ಆಂಟಿಆಕ್ಸಿಡೆಂಟ್' ಅಂದ ಕೂಡಲೇ ಬಣ್ಣವೇ ಹೋಗಿ ಕೆಟ್ಟ ಆಮ್ಲಜನಕವನ್ನು ನುಂಗುತ್ತದೆ ಅಂತ ಚಿತ್ರ ಬರೆಯುತ್ತಾರೆ. ಸ್ವಲ್ಪ ಹಾಗೂ ಆಗಬಹುದು. ಕೋಶದ ಜೀನುಗಳನ್ನು ಏರಿಳಿಸುವ ಕೆಲಸ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಮೂರೂ ಬಣ್ಣಗಳಿಗೆ ಇಂಥ ಫಲಿತಾಂಶಗಳಿವೆ. ಅಸ್ಟಾಕ್ಸಾಂಥಿನ್ ಬಗ್ಗೆ 2008ರಲ್ಲಿ, ಫೈಕೊಸಯನಿನ್ ಮತ್ತು ಸ್ಪಿರುಲಿನಾ ಬಗ್ಗೆ 2012ರಲ್ಲಿ ಪ್ರಬಂಧಗಳು ಬಂದವು. 2013ರಲ್ಲಿ ದಕ್ಷಿಣ ಕೊರಿಯಾದ ಪುಕ್ಯೋಂಗ್ ರಾಷ್ಟ್ರೀಯ ವಿಶ್ವವಿದ್ಯಾಲಯದ ತಂಡ ಎಲ್‌ಪಿಎಸ್ ಬದಲು ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಬೀಟಾ-ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕು ಹಾಕಿ ಬಿವಿ-2 ಕೋಶಗಳನ್ನು ಕೆರಳಿಸಿತು. ಅಲ್ಲೂ ಫ್ಯೂಕೊಕ್ಸಾಂಥಿನ್ ಉರಿಯೂತವನ್ನು ತಗ್ಗಿಸಿತು. ಬೇರೆ ಬೇರೆ ಲ್ಯಾಬುಗಳಲ್ಲಿ ಒಂದೇ ದಿಕ್ಕಿನ ಫಲಿತಾಂಶ ಬಂದಿದೆ, ಹಾಗಾಗಿ ತಟ್ಟೆಯಲ್ಲಿ ಆಗುವುದು ನಿಜ ಅಂತ ನಾನು ಒಪ್ಪುತ್ತೇನೆ.

ಆದರೆ ತಟ್ಟೆಯಲ್ಲೇ ಕೆಲವು ಕಿರಿಕಿರಿಗಳಿವೆ. ಮೊದಲನೆಯದನ್ನು ನೀವು ಗಮನಿಸಿದಿರಾ ಗೊತ್ತಿಲ್ಲ: ಬಣ್ಣ ಮೊದಲು, ಎಲ್‌ಪಿಎಸ್ ಆಮೇಲೆ. ಆಸ್ಪತ್ರೆಗೆ ಬರುವ ರೋಗಿಯ ಮಿದುಳು ವರ್ಷಗಳಿಂದ ಕೆರಳಿರುತ್ತದೆ. ಮೊದಲೇ ಕೊಟ್ಟು ತಡೆಯುವುದಕ್ಕೂ ಹೊತ್ತಿಕೊಂಡ ಮೇಲೆ ಆರಿಸುವುದಕ್ಕೂ ಎಷ್ಟೋ ವ್ಯತ್ಯಾಸ. ಮತ್ತೆ, ಕೆಂಪು, ಕಿತ್ತಳೆ ಬಣ್ಣಗಳು ನೀರಿನಲ್ಲಿ ಕರಗುವುದಿಲ್ಲ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಹಾಕುತ್ತಾರೆ. ಜಾಸ್ತಿಯಾದರೆ ಗುಂಡಿಯ ತಳದಲ್ಲಿ ಹರಳಾಗಿ ಕೂರುತ್ತವೆ. ಆಗ ಕೋಶಕ್ಕೆ ನಿಜವಾಗಿ ಎಷ್ಟು ಸಿಕ್ಕಿತು ಅಂತ ಹೇಳುವುದು ಕಷ್ಟ. ಇನ್ನೊಂದು, ಕೋಶ ಬದುಕಿದೆಯಾ ಅಂತ ನೋಡುವ ಪರೀಕ್ಷೆಯೂ ಬಣ್ಣದ ಪರೀಕ್ಷೆಯೇ, ಹಳದಿ ಹೋಗಿ ನೇರಳೆ ಆಗುವುದು. ನೀಲಿ ಫೈಕೊಸಯನಿನ್ ಮೊದಲೇ ಗುಂಡಿಯಲ್ಲಿದ್ದರೆ ಯಂತ್ರ ಯಾವ ಬಣ್ಣವನ್ನು ಓದಿತು? ಕೋಶವಿಲ್ಲದ ಗುಂಡಿಗಳಲ್ಲಿ ಬಣ್ಣವನ್ನಷ್ಟೇ ಹಾಕಿ ಹೋಲಿಸಿದ್ದಾರಾ ಅಂತ ನಾನು ಪ್ರಬಂಧ ಓದುವಾಗ ಮೊದಲು ಹುಡುಕುತ್ತೇನೆ. ಸ್ಪಿರುಲಿನಾ ಸ್ವತಃ ಬ್ಯಾಕ್ಟೀರಿಯಾ ಆದ್ದರಿಂದ ಅದರ ಸಾರದಲ್ಲೇ ಎಲ್‌ಪಿಎಸ್ ಜಾತಿಯ ವಸ್ತು ಉಳಿದಿರಬಹುದು, ಅದನ್ನೂ ಅಳೆದಿರಬೇಕು.

ಎಲ್ಲಕ್ಕಿಂತ ದೊಡ್ಡದು ಇಲಿ-ಮನುಷ್ಯರ ವ್ಯತ್ಯಾಸ. ಎಲ್‌ಪಿಎಸ್ ಕೊಟ್ಟಾಗ ಇಲಿಯ ಮೈಕ್ರೋಗ್ಲಿಯಾ ಧಾರಾಳವಾಗಿ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಮನುಷ್ಯನದು ಹಾಗಲ್ಲ, ಬಿಟ್ಟರೂ ತೀರಾ ಕಮ್ಮಿ. ನಾವು ಖುಷಿಪಟ್ಟ ಆ ಗುಲಾಬಿ ಇಳಿಜಾರು ಮನುಷ್ಯನ ಕೋಶದಲ್ಲಿ ಶುರುವಾಗುವುದೇ ಅನುಮಾನ!

ಸರಿ, ತಟ್ಟೆಯಿಂದ ಹೊರಗೆ ಬರೋಣ. ಮಾತ್ರೆ ನುಂಗಿದಿರಿ. ಮುಂದೇನು?

ಫೈಕೊಸಯನಿನ್ ಪ್ರೋಟೀನು ಅಂದೆನಲ್ಲ. ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿಗೆ ಆಗುವುದೇ ಅದಕ್ಕೂ ಆಗುತ್ತದೆ, ಜೀರ್ಣವಾಗುತ್ತದೆ. ಬಣ್ಣ ಕೊಡುವ ಚಿಕ್ಕ ಭಾಗ, ಫೈಕೊಸಯನೊಬಿಲಿನ್, ಬಿಡಿಯಾಗಿ ಉಳಿದು ಕೆಲಸ ಮಾಡಬಹುದು ಅನ್ನುವ ವಾದವಿದೆ. ಅದರ ರಚನೆ ನಮ್ಮ ಪಿತ್ತದ ಬಿಲಿವರ್ಡಿನ್ ಎಂಬ ಬಣ್ಣಕ್ಕೆ ತುಂಬಾ ಹತ್ತಿರ. ಆ ವಾದದಲ್ಲಿ ತಿರುಳಿದೆ ಅಂತ ನನಗೂ ಅನ್ನಿಸುತ್ತದೆ. ಆದರೆ ತಟ್ಟೆಯಲ್ಲಿ ಇಡೀ ಪ್ರೋಟೀನು ಹಾಕಿ ತೆಗೆದ ಫಲಿತಾಂಶವನ್ನು ಮಾತ್ರೆಗೆ ಹಾಗೇ ಅಂಟಿಸಲು ಬರುವುದಿಲ್ಲ.

ಫ್ಯೂಕೊಕ್ಸಾಂಥಿನ್ ಕಥೆ ಇನ್ನೂ ಸ್ವಾರಸ್ಯ. ಕರುಳಿನಲ್ಲೇ ಅದು ಒಡೆದು ಫ್ಯೂಕೊಕ್ಸಾಂಥಿನಾಲ್ ಆಗುತ್ತದೆ. ರಕ್ತಕ್ಕೆ ಬರುವುದು ಮುಖ್ಯವಾಗಿ ಈ ಎರಡನೆಯದು. 2012ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಸ್ವಯಂಸೇವಕರಿಗೆ ಕೊಂಬು ಎಂಬ ಸಮುದ್ರಪಾಚಿಯ ಸಾರ ಕೊಟ್ಟರು. ಅದರಲ್ಲಿ 31 ಮಿಲಿಗ್ರಾಂ ಫ್ಯೂಕೊಕ್ಸಾಂಥಿನ್ ಇತ್ತು. ರಕ್ತದಲ್ಲಿ ಫ್ಯೂಕೊಕ್ಸಾಂಥಿನಾಲ್ ಏರಿದ್ದು ಹೆಚ್ಚೆಂದರೆ ಲೀಟರಿಗೆ 44 ನ್ಯಾನೊಮೋಲ್. ತಟ್ಟೆಯ ಪ್ರಯೋಗಗಳಲ್ಲಿ ಲೀಟರಿಗೆ 10, 20, 50 ಮೈಕ್ರೊಮೋಲ್ ಹಾಕುವುದು ಮಾಮೂಲಿ (ಒಂದು ಮೈಕ್ರೊಮೋಲ್ ಅಂದರೆ 1000 ನ್ಯಾನೊಮೋಲ್). 10 ಮೈಕ್ರೊಮೋಲ್ ಅಂತಲೇ ಇಟ್ಟುಕೊಳ್ಳಿ, ಸುಮಾರು 225 ಪಟ್ಟು. ಒಂದು ಪಾತ್ರೆ ಸಾರಿಗೆ ಒಂದು ಚಮಚ ಉಪ್ಪು ಹಾಕುವ ಕಡೆ 225 ಚಮಚ ಸುರಿದು, ಉಪ್ಪಿನ ಗುಣ ಹೀಗೆ ಅಂತ ತೀರ್ಮಾನ ಬರೆದ ಹಾಗೆ. ಮೇಲಾಗಿ, ತಟ್ಟೆಯಲ್ಲಿ ಹಾಕಿದ್ದು ಫ್ಯೂಕೊಕ್ಸಾಂಥಿನ್, ರಕ್ತದಲ್ಲಿರುವುದು ಫ್ಯೂಕೊಕ್ಸಾಂಥಿನಾಲ್.

ಅಸ್ಟಾಕ್ಸಾಂಥಿನ್ ಸ್ವಲ್ಪ ವಾಸಿ. ಒಮ್ಮೆಗೆ 100 ಮಿಲಿಗ್ರಾಂ ಕೊಟ್ಟ ಒಂದು ಚಿಕ್ಕ ಅಧ್ಯಯನದಲ್ಲಿ ರಕ್ತದಲ್ಲಿ ಲೀಟರಿಗೆ 1.3 ಮಿಲಿಗ್ರಾಂ ಸಿಕ್ಕಿತ್ತು, ಅಂದರೆ ಸುಮಾರು 2 ಮೈಕ್ರೊಮೋಲ್. ಆದರೆ ಅಂಗಡಿಯ ಕ್ಯಾಪ್ಸೂಲ್‌ನಲ್ಲಿ ಸಾಮಾನ್ಯವಾಗಿ ಇರುವುದು 4ರಿಂದ 12 ಮಿಲಿಗ್ರಾಂ. ಎಣ್ಣೆ, ತುಪ್ಪ ಇರುವ ಊಟದ ಜೊತೆ ತೆಗೆದುಕೊಂಡರೆ ಹೆಚ್ಚು ಹೀರಿಕೊಳ್ಳುತ್ತದೆ, ಬರಿ ಹೊಟ್ಟೆಯಲ್ಲಿ ಕಮ್ಮಿ.

ಇದಿಷ್ಟೂ ರಕ್ತದವರೆಗಿನ ಲೆಕ್ಕ. ರಕ್ತದಿಂದ ಮಿದುಳಿಗೆ ಹೋಗಲು ಇನ್ನೊಂದು ತಡೆ ಇದೆ. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ, ಸಿಕ್ಕಿದ್ದನ್ನೆಲ್ಲ ಒಳಗೆ ಬಿಡುವುದಿಲ್ಲ. ಅಸ್ಟಾಕ್ಸಾಂಥಿನ್ ಇಲಿಗಳ ಮಿದುಳಿನಲ್ಲಿ ಸಿಕ್ಕಿದೆ. ಮನುಷ್ಯರ ವಿಷಯಕ್ಕೆ ಬಂದರೆ ಗಟ್ಟಿ ಸಾಕ್ಷಿ ಇರುವುದು ಈ ಬಣ್ಣಗಳ ಇನ್ನೊಬ್ಬ ಸಂಬಂಧಿಗೆ, ಲೂಟೀನ್‌ಗೆ. ಅದು ಕೆಲವು ಸೂಕ್ಷ್ಮಪಾಚಿಗಳಲ್ಲೂ ಇದೆ, ಸೊಪ್ಪಿನಲ್ಲಿದೆ, ಮೊಟ್ಟೆಯ ಹಳದಿಯಲ್ಲಿದೆ, ಚೆಂಡುಹೂವಿನಲ್ಲಿ ಧಾರಾಳವಾಗಿದೆ. ಗುಂಡ್ಲುಪೇಟೆ ಕಡೆ ಹೋದರೆ ರಸ್ತೆಯ ಎರಡೂ ಬದಿ ಚೆಂಡುಹೂವಿನ ಹೊಲ ಕಾಣುತ್ತದಲ್ಲ, ಅದರಲ್ಲಿ ಹೂವಿನ ಮಾರುಕಟ್ಟೆಗೆ ಬಾರದೆ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ಪಾಲು ದೊಡ್ಡದು. ತೀರಿಕೊಂಡ ಶಿಶುಗಳ ಮಿದುಳಿನ ಅಂಗಾಂಶವನ್ನು ಪರೀಕ್ಷಿಸಿದವರಿಗೆ ಈ ಜಾತಿಯ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲೂಟೀನ್ ಒಂದೇ ಸಿಕ್ಕಿತು. ಊಟದಲ್ಲಿ ಅದರ ಪಾಲು ಅಷ್ಟಿರುವುದಿಲ್ಲ. ಅಂದರೆ ಮಿದುಳು ಕೆಲವು ಬಣ್ಣಗಳನ್ನು ಆರಿಸಿ ಒಳಗೆ ತೆಗೆದುಕೊಳ್ಳುತ್ತದೆ. ದಾರಿ ಪೂರ್ತಿ ಮುಚ್ಚಿಲ್ಲ ಅನ್ನುವುದಕ್ಕೆ ಇದು ನನಗೆ ಸಿಕ್ಕ ಅತಿ ಒಳ್ಳೆಯ ಸಾಕ್ಷಿ.

ಬಣ್ಣ ಮಿದುಳಿಗೆ ಹೋಯಿತು, ಮೈಕ್ರೋಗ್ಲಿಯಾ ತಣ್ಣಗಾಯಿತು ಅಂತಲೇ ಇಟ್ಟುಕೊಳ್ಳೋಣ. ಅದು ಒಳ್ಳೆಯದಾ?

ಇಲ್ಲಿ ಎರಡು ಹಳೆಯ ಪ್ರಯೋಗಗಳನ್ನು ಹೇಳಲೇಬೇಕು. ಅಮೆರಿಕದಲ್ಲಿ 2001ರಲ್ಲಿ 'ಅಡಾಪ್ಟ್' ಎಂಬ ದೊಡ್ಡ ಅಧ್ಯಯನ ಶುರುವಾಯಿತು. ಮನೆಯಲ್ಲಿ ಆಲ್ಝೈಮರ್ ಇತಿಹಾಸವಿದ್ದ, 70 ದಾಟಿದ ಸುಮಾರು 2500 ಜನ. ಕೆಲವರಿಗೆ ನಪ್ರಾಕ್ಸೆನ್, ಕೆಲವರಿಗೆ ಸೆಲೆಕಾಕ್ಸಿಬ್, ಉಳಿದವರಿಗೆ ಬರಿ ಸಕ್ಕರೆ ಮಾತ್ರೆ. ಎರಡೂ ಉರಿಯೂತ ಇಳಿಸುವ ಗಟ್ಟಿ ಔಷಧಿಗಳು. ಹೃದಯದ ಅಪಾಯದ ಆತಂಕದಿಂದ 2004ರ ಕೊನೆಗೆ ಔಷಧಿ ನಿಲ್ಲಿಸಿದರು. ಮುಂದೆ ಅವರನ್ನು ಗಮನಿಸುತ್ತಾ ಹೋದಾಗಲೂ ಆಲ್ಝೈಮರ್ ತಡೆದ ಲಕ್ಷಣ ಕಾಣಲಿಲ್ಲ. ಇನ್ನೊಂದು, ಮಿನೊಸೈಕ್ಲಿನ್. ಇಲಿಗಳಲ್ಲಿ ಮೈಕ್ರೋಗ್ಲಿಯಾವನ್ನು ಚೆನ್ನಾಗಿ ಶಾಂತ ಮಾಡುವ ಔಷಧಿ, ಎಎಲ್‌ಎಸ್ ಎಂಬ ನರರೋಗವಿದ್ದ ಇಲಿಗಳಿಗೆ ಉಪಕಾರವೂ ಆಗಿತ್ತು. ಆ ಕಾಯಿಲೆಯಿದ್ದ 400ಕ್ಕೂ ಹೆಚ್ಚು ಜನರಿಗೆ ಪರೀಕ್ಷಿಸಿದ ಫಲಿತಾಂಶ 2007ರಲ್ಲಿ ಬಂತು. ಔಷಧಿ ತೆಗೆದುಕೊಂಡವರ ಸ್ಥಿತಿ ಉಳಿದವರಿಗಿಂತ ಬೇಗ ಹದಗೆಟ್ಟಿತ್ತು.

ಟ್ರೆಮ್-2 ಕಥೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಅಪಾಯ ತರುವ ಆ ಜೀನ್ ರೂಪಗಳಲ್ಲಿ ಮೈಕ್ರೋಗ್ಲಿಯಾ ತನ್ನ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ಅಮಿಲಾಯ್ಡ್ ಗಡ್ಡೆಗಳ ಸುತ್ತ ಹೋಗಿ ನಿಲ್ಲಬೇಕಾದ್ದು ನಿಲ್ಲುವುದಿಲ್ಲ. ಇದಕ್ಕೆ ಶಾಂತಿಮಂತ್ರ ಹೇಳಿ ಪ್ರಯೋಜನವೇನು? ಕೆರಳಿದ 'ಎಂ-1' ಕೆಟ್ಟದ್ದು, ಶಾಂತ 'ಎಂ-2' ಒಳ್ಳೆಯದು ಅಂತ ಹಳೆಯ ಲೇಖನಗಳಲ್ಲಿ ಎರಡೇ ಡಬ್ಬಿ ಇರುತ್ತಿದ್ದವು. 2022ರಲ್ಲಿ ಈ ಕ್ಷೇತ್ರದ ಹತ್ತಾರು ವಿಜ್ಞಾನಿಗಳು ಸೇರಿ ಆ ವಿಂಗಡಣೆ ಕೈಬಿಡಿ ಅಂತ ಬರೆದರು. ಪಾಚಿಯ ಬಣ್ಣಗಳ ಪ್ರಬಂಧಗಳಲ್ಲಿ ಮಾತ್ರ ಅದು ಇನ್ನೂ ಓಡಾಡಿಕೊಂಡಿದೆ.

ಸಭೆಯಲ್ಲಿ ಬಂದ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: "ಮೇಡಂ, ನಮ್ಮ ಮನೆಯವರಿಗೆ ಮರೆವು ಶುರುವಾಗಿದೆ. ಮಗ ವಿದೇಶದಿಂದ ಅಸ್ಟಾಕ್ಸಾಂಥಿನ್ ಕಳಿಸಿದ್ದಾನೆ. ಕೊಡಬಹುದಾ?"

ಸಾರ್, ಹೇಳಿದ ಪ್ರಮಾಣದಲ್ಲಿ ಅದು ಸಾಮಾನ್ಯವಾಗಿ ದೊಡ್ಡ ತೊಂದರೆ ಮಾಡುವ ವಸ್ತುವಲ್ಲ. ಆದರೆ ಮರೆವಿಗೆ ಅದು ಚಿಕಿತ್ಸೆ ಅಂತ ತೋರಿಸಿದ ಗಟ್ಟಿ ಪ್ರಯೋಗ ಇಲ್ಲ. ಮೊದಲು ನರರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್, ಬಿ-12 ಕೊರತೆ, ಖಿನ್ನತೆ, ಕಿವಿ ಕೇಳದಿರುವುದು, ಇವುಗಳಿಂದಲೂ ಮರೆವಿನಂತೆ ಕಾಣುತ್ತದೆ, ಇವಕ್ಕೆಲ್ಲ ಪರಿಹಾರ ಇದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಹೇಳದೆ ಇಂಥ ಯಾವುದನ್ನೂ ಶುರು ಮಾಡಬೇಡಿ.

ಕಾಲೇಜಿನ ಹುಡುಗನೊಬ್ಬ: "ಕೆರೆಯ ಮೇಲೆ ಕಟ್ಟುವ ಹಸಿರು ಪಾಚಿಯಲ್ಲೂ ಫೈಕೊಸಯನಿನ್ ಇರುತ್ತಾ?"

ಇರುತ್ತೆ ಕಣಪ್ಪಾ, ಆದರೆ ದಯವಿಟ್ಟು ಮುಟ್ಟಬೇಡ. ಕೊಳಕು ಸೇರಿದ ಕೆರೆಗಳಲ್ಲಿ ಹಸಿರು ಬಣ್ಣ ಬಳಿದಂತೆ ಹಬ್ಬುವುದು ಹೆಚ್ಚಾಗಿ ಮೈಕ್ರೊಸಿಸ್ಟಿಸ್. ಅದು ಸ್ಪಿರುಲಿನಾದ ದೂರದ ನೆಂಟ, ಮೈಕ್ರೊಸಿಸ್ಟಿನ್ ಎಂಬ ವಿಷ ತಯಾರಿಸಬಲ್ಲದು, ಅದು ಯಕೃತ್ತಿಗೆ ಮಾರಕ. ಅಮೆರಿಕದ ಆರೆಗಾನ್ ರಾಜ್ಯದ ಕೆರೆಯೊಂದರಿಂದ ಪಾಚಿ ತೆಗೆದು ಆರೋಗ್ಯದ ಪುಡಿ ಅಂತ ಮಾರುತ್ತಿದ್ದರು. ಅದರಲ್ಲಿ ಈ ವಿಷ ಬೆರೆಯುವ ಅಪಾಯ ಕಂಡು, 1997ರಲ್ಲಿ ಆ ರಾಜ್ಯ ಗ್ರಾಂ ಪುಡಿಗೆ 1 ಮೈಕ್ರೊಗ್ರಾಂ ಎಂಬ ಮಿತಿ ಹಾಕಿತು. ಒಳ್ಳೆಯ ಸ್ಪಿರುಲಿನಾ ಬೆಳೆಯುವುದು ಕ್ಷಾರ ಹೆಚ್ಚಿರುವ ತೊಟ್ಟಿಯಲ್ಲಿ, ಅಲ್ಲಿ ಬೇರೆ ಪಾಚಿಗೆ ಬದುಕುವುದೇ ಕಷ್ಟ.

ಕೊನೆಗೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು, ಹಾಗಾದರೆ ನಾವು ಯಾವ ಪ್ರಯೋಗ ಮಾಡಬೇಕು ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಬಿವಿ-2 ಬಿಡಿ. ಮನುಷ್ಯನ ಚರ್ಮ ಅಥವಾ ರಕ್ತದ ಕೋಶವನ್ನು ಕಾಂಡಕೋಶವಾಗಿ ತಿರುಗಿಸಿ ಅದರಿಂದ ಮೈಕ್ರೋಗ್ಲಿಯಾ ಬೆಳೆಸುವ ವಿಧಾನಗಳು 2016-17ರಿಂದ ಇವೆ. ದುಬಾರಿ, ಒಂದೊಂದು ಸುತ್ತಿಗೂ ವಾರಗಟ್ಟಲೆ ಹಿಡಿಯುತ್ತದೆ, ಆದರೆ ಮನುಷ್ಯನ ಕೋಶ. ಅದಕ್ಕೆ ಫ್ಯೂಕೊಕ್ಸಾಂಥಿನ್ ಹಾಕಬೇಡಿ, ಫ್ಯೂಕೊಕ್ಸಾಂಥಿನಾಲ್ ಹಾಕಿ. 50 ಮೈಕ್ರೊಮೋಲ್ ಬೇಡ, 50 ನ್ಯಾನೊಮೋಲ್ ಸಾಕು. ಒಂದು ಗಂಟೆ ಮುಂಚೆ ಹಾಕುವ ಬದಲು ಎಲ್‌ಪಿಎಸ್ ಹಾಕಿ ಒಂದು ದಿನ ಕಳೆದ ಮೇಲೆ ಹಾಕಿ. ನೈಟ್ರಿಕ್ ಆಕ್ಸೈಡ್ ಬದಲು, ಆ ಕೋಶ ಅಮಿಲಾಯ್ಡ್ ಚೂರುಗಳನ್ನು ಮೊದಲಿನಷ್ಟೇ ತಿನ್ನುತ್ತಿದೆಯಾ ಅಂತ ಅಳೆಯಿರಿ. ಏನೂ ಆಗಲಿಲ್ಲ ಅಂತ ಫಲಿತಾಂಶ ಬಂದರೂ ಅದನ್ನು ಪ್ರಕಟಿಸಿ, ಸಿಕ್ಕರೆ ನಾನಂತೂ ಓದುತ್ತೇನೆ.